ರಕ್ತದ ಸೀಸೆಯ ಪ್ರಯಾಣ

ವೈದ್ಯಪರೀಕ್ಷೆಯ ಕಾಗದದಲ್ಲಿ ಅಚ್ಚಾಗಿ ಬಂದ ಅಂಕಿಯನ್ನು ಪ್ರಶ್ನಿಸುವ ಧೈರ್ಯವು ಗೃಹಸ್ಥರಾದ ನಮಗೆ ಸಾಮಾನ್ಯವಾಗಿ ಬಾರದು. ಆದರೆ ಆ ರಕ್ತವು ಮನೆಯಿಂದ ಯಂತ್ರದವರೆಗೆ ಯಾವ ಸ್ಥಿತಿಯಲ್ಲಿ ಹೋಯಿತೆಂದು ಕೇಳಬೇಕಾಗುವುದೂ ಉಂಟು.

ನಮ್ಮದು ಹೊಸಪೇಟೆಯ ಬಳಿಯ ಪಾಪಿನಾಯಕನಹಳ್ಳಿ. ಅದಿರಿನ ಲಾರಿಗಳ ಕೆಂಪು ಧೂಳೂ 40 ಡಿಗ್ರಿಯ ಬಿಸಿಲೂ ನಮಗೆ ಹೊಸತಲ್ಲ. 2023ರ ಬೇಸಿಗೆಯಲ್ಲಿ ನಮ್ಮ ಅತ್ತಿಗೆಯವರು ದಿನೇದಿನೇ ಸೊರಗಿದರು. ಎದ್ದು ನಿಂತರೆ ತಲೆ ತಿರುಗುವುದು. ಅಂಗೈಯ ಗೆರೆಗಳೂ ವಸಡುಗಳೂ ಕಪ್ಪಿಟ್ಟಿದ್ದುವು. ಬಿಸಿಲಿನ ದೋಷವೆಂದರು ನೆರೆಯವರು. ವೈದ್ಯರು ಮಾತ್ರ ಕಾರ್ಟಿಸಾಲ್, ಎ.ಸಿ.ಟಿ.ಎಚ್. ಎಂಬ ಎರಡು ಹಾರ್ಮೋನುಗಳ ಪರೀಕ್ಷೆಯನ್ನು ಬರೆದುಕೊಟ್ಟರು.

ಬೆಳಗ್ಗೆ ಎಂಟಕ್ಕೆ ಒಬ್ಬ ಹುಡುಗನು ಮನೆಗೇ ಬಂದು ರಕ್ತ ತೆಗೆದು, ಸೀಸೆಗಳನ್ನು ಕೈಚೀಲಕ್ಕೆ ಹಾಕಿಕೊಂಡು, ಮತ್ತೆರಡು ಹಳ್ಳಿ ಸುತ್ತಿ, ಮಧ್ಯಾಹ್ನ ಮೀರಿದ ಮೇಲೆ ಹೊಸಪೇಟೆಯನ್ನು ಸೇರಿದನಂತೆ. ಬಂದ ವರದಿಯಲ್ಲಿ ಕಾರ್ಟಿಸಾಲ್ ತೀರ ಕಡಿಮೆ, ಎ.ಸಿ.ಟಿ.ಎಚ್. ಸಾಮಾನ್ಯ.

ಈ ಎರಡು ಅಂಕಿಗಳ ಅರ್ಥವೇನು? ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯು ಕಾರ್ಟಿಸಾಲನ್ನು ತಯಾರಿಸುವುದು; ತಲೆಯೊಳಗಿನ ಪಿಟ್ಯುಟರಿಯು ಎ.ಸಿ.ಟಿ.ಎಚ್. ಕಳುಹಿಸಿ ಅದನ್ನು ದುಡಿಸುವುದು. ಕೆಳಗಿನದೇ ಕೆಟ್ಟರೆ ಮೇಲಿನದು ಕೂಗಿ ಕೂಗಿ ಎ.ಸಿ.ಟಿ.ಎಚ್. ಬಹಳ ಏರಬೇಕು. ಏರಿಲ್ಲವೆಂದರೆ ದೋಷವು ತಲೆಯಲ್ಲಿರುವಂತೆ ತೋರುವುದು. ಮಿದುಳಿನ ಸ್ಕ್ಯಾನ್ ಎಂಬ ಮಾತು ಎದ್ದಿತು. ಅಣ್ಣನು ಬಳೆಗಳನ್ನು ಒತ್ತೆಯಿಡಲು ಸಿದ್ಧನಾದನು.

ವೈದ್ಯರು ಅತ್ತಿಗೆಯ ಅಂಗೈಯನ್ನೇ ನೋಡುತ್ತ, "ಎ.ಸಿ.ಟಿ.ಎಚ್. ಏರದೆ ಈ ಕಪ್ಪು ಬಾರದಮ್ಮಾ. ಸೀಸೆಯನ್ನು ಮಂಜುಗಡ್ಡೆಯಲ್ಲಿ ಒಯ್ದರೇ?" ಎಂದು ಕೇಳಿದರು. ಇಲ್ಲವೆಂದೆವು. ಮಾತ್ರೆ ಆರಂಭಿಸುವುದಕ್ಕೆ ಮೊದಲೇ, ಮರುದಿನ ಬೆಳಗ್ಗೆ ನಾವೇ ಹೊಸಪೇಟೆಗೆ ಹೋದೆವು. ನೇರಳೆ ಮುಚ್ಚಳದ ಸೀಸೆ, ಸುತ್ತಲೂ ಮಂಜುಗಡ್ಡೆ. ಕೂಡಲೇ ತಂಪಿನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಿ, ಘನೀಕರಿಸಿ ಬೆಂಗಳೂರಿಗೆ ಕಳುಹಿಸಿದರು. ಈ ಸಲ ಎ.ಸಿ.ಟಿ.ಎಚ್. ಮಿತಿಗಿಂತ ಎಷ್ಟೋ ಪಾಲು ಹೆಚ್ಚು! ಕೆಟ್ಟಿದ್ದುದು ಅಡ್ರಿನಲ್ಲೇ. ಸ್ಕ್ಯಾನ್ ತಪ್ಪಿತು, ಬಳೆಗಳು ಉಳಿದುವು. ಹೈಡ್ರೊಕಾರ್ಟಿಸೋನ್ ಮಾತ್ರೆಯಿಂದ ಅತ್ತಿಗೆ ಚೇತರಿಸಿಕೊಂಡರು. ಅದನ್ನು ಜನ್ಮವಿಡೀ ನುಂಗತಕ್ಕದ್ದು. ಒಂದು ದಿನವೂ ಬಿಡಕೂಡದು.

ಎ.ಸಿ.ಟಿ.ಎಚ್. 39 ಅಮೈನೋ ಆಮ್ಲಗಳ ಸರಪಣಿ. ರಕ್ತದಲ್ಲಿರುವ ಕಿಣ್ವಗಳು ಸೆಕೆಯಲ್ಲಿ ಅದನ್ನು ಬೇಗನೆ ಕತ್ತರಿಸಿಬಿಡುತ್ತವೆ. ಕಾರ್ಟಿಸಾಲ್ ಗಟ್ಟಿ ಜೀವ. ಅದೇ ಚೀಲದಲ್ಲಿ ಬಂದರೂ ಹೆಚ್ಚು ಕೆಡದು. ಆದುದರಿಂದ ಎಲ್ಲ ಪರೀಕ್ಷೆಗೂ ಹೆದರಬೇಕಾದುದಿಲ್ಲ. ಮನೆಮನೆಯಲ್ಲಿಯೂ ನಡೆಯುವ ಥೈರಾಯ್ಡ್ ಪರೀಕ್ಷೆಯ ಟಿ.ಎಸ್.ಎಚ್., ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡಿಸಿದ ಸೀರಂ ಎಂಬ ತಿಳಿಯಲ್ಲಿ, 2ರಿಂದ 8 ಡಿಗ್ರಿಯ ತಂಪಿನಲ್ಲಿ ಕೆಲವು ದಿನ ಕೆಡದೆ ನಿಲ್ಲುವುದು. ಇನ್ಸುಲಿನ್ ಅಷ್ಟು ಸಹನಶೀಲವಲ್ಲ. ಸೀಸೆ ಕುಲುಕಾಡಿ ಕೆಂಪುಕಣಗಳು ಒಡೆದರೆ ಅವುಗಳೊಳಗಿನ ಕಿಣ್ವವು ಅದನ್ನು ತಿಂದುಹಾಕಿ ಅಂಕಿಯನ್ನು ಇಳಿಸುವುದು. ತಿಳಿಯು ಕೆಂಪಾಗಿ ಕಂಡರೆ ಆ ರಕ್ತವನ್ನು ಬಿಟ್ಟು ಬೇರೆ ರಕ್ತ ಕೊಡುವುದೇ ಲೇಸು. ಘನೀಕರಿಸಿದುದನ್ನು ಮತ್ತೆ ಮತ್ತೆ ಕರಗಿಸುವುದೂ ಸಲ್ಲದು.

ಈಗ ನಮ್ಮ ಮನೆಗೆ ರಕ್ತ ತೆಗೆಯಲು ಯಾರೇ ಬರಲಿ, ಅತ್ತಿಗೆಯವರು ಮೊದಲು ಚೀಲವನ್ನು ಬಿಚ್ಚಿ ತೋರಿಸಿರೆನ್ನುತ್ತಾರೆ, ಆಮೇಲೆ ತೋಳು.