ಅರಕಿಲ್ಲೆಯ ಕಂಬಗಳು

ವಿಜಯಪುರವೆಂದೊಡನೆ ಗೋಲಗುಮ್ಮಟವು ಕಣ್ಣಮುಂದೆ ನಿಲ್ಲುವುದು ಸಹಜವು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋರಿಯ ಮೇಲೆ ಕವಿದಿರುವ ಆ ಮಹಾಗುಮ್ಮಟದೊಳಗೆ ನಿಂತು, ತನ್ನ ದನಿ ತನಗೇ ಮರಳಿ ಮರಳಿ ಬರುವುದನ್ನು ಕೇಳಿದವನು, ಈ ಊರಿನ ಚರಿತ್ರೆಯೂ ಆದಿಲಶಾಹಿಯಿಂದಲೇ ಆರಂಭವಾಯಿತೆಂದು ಭಾವಿಸಿಕೊಂಡು ಹಿಂದಿರುಗುತ್ತಾನೆ. ಆದರೆ 1489ರ ಸುಮಾರಿಗೆ ಯೂಸುಫ ಆದಿಲಖಾನನು ಇಲ್ಲಿ ಸ್ವತಂತ್ರ ರಾಜ್ಯವನ್ನು ಕಟ್ಟುವುದಕ್ಕೆ ನಾಲ್ಕು ನೂರು ವರ್ಷಗಳಷ್ಟು ಮೊದಲೇ ಊರು ಇದ್ದಿತು. ಅದಕ್ಕೊಂದು ಹೆಸರೂ ಇದ್ದಿತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಇದನ್ನು ವಿಜಯಪುರವೆಂದೇ ಕರೆದಿವೆ. 2014ರ ನವೆಂಬರ 1ರಂದು ಬಿಜಾಪುರವು ಸರಕಾರದ ಕಾಗದಗಳಲ್ಲಿ ವಿಜಯಪುರವಾದಾಗ ಹೊಸ ಹೆಸರು ಬಂದಿತೆಂದು ತಿಳಿದವರುಂಟು. ಬಂದುದು ಹಳೆಯ ಹೆಸರೇ.

ಆ ಹಳೆಯ ಊರನ್ನು ಕಾಣಬೇಕೆನ್ನುವವರು ಅರಕಿಲ್ಲೆಗೆ ಹೋಗಬೇಕು. ತಿಕೋಟೆಯ ಹಿರಿಯರೊಬ್ಬರು, ಕನ್ನಡ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದವರು, ಒಮ್ಮೆ ತಮ್ಮ ಸೋದರಳಿಯನನ್ನು ಅಲ್ಲಿಗೆ ಕರೆದೊಯ್ದರು. ಅಳಿಯನು ಬಬಲೇಶ್ವರದ ಕಡೆಯ ಒಕ್ಕಲಿಗ. ಜೋಳದ ಹೊಲವನ್ನು ಮಟ್ಟಮಾಡಿ ದ್ರಾಕ್ಷಿಯ ತೋಟವಿಡುವ ಉತ್ಸಾಹದಲ್ಲಿದ್ದವನು. ಪೇಟೆಯ ಕೆಲಸಕ್ಕೆಂದು ಬಂದವನಿಗೆ ಕಲ್ಲು ನೋಡುವ ಬಿಡುವು ಇರಲಿಲ್ಲ. ಮಾಮನ ಮಾತನ್ನು ಮೀರಲಾರದೆ ಹೊರಟನು.

ಅರಕಿಲ್ಲೆಯೆಂದರೆ ನಗರದ ಒಳಕೋಟೆ. ಅದರೊಳಗೆ ಕರೀಮುದ್ದೀನನ ಮಸೀದಿಯುಂಟು. ಗುಮ್ಮಟವಿಲ್ಲ, ಮಿನಾರವಿಲ್ಲ. ಪ್ರವೇಶದ ಮಂಟಪವನ್ನು ಕಂಡರೆ ಗುಡಿಗೆ ಬಂದಂತೆಯೇ ಭಾಸವಾಗುತ್ತದೆ. ಒಳಗೆ ಸಾಲುಸಾಲಾಗಿ ಕಲ್ಲಿನ ಕಂಬಗಳು, ಒಂದರಂತೆ ಒಂದಿಲ್ಲ. ಒಂದು ಗುಂಡಗೆ, ಇನ್ನೊಂದು ಚೌಕ. ಒಂದರ ಮೈತುಂಬ ಕೆತ್ತನೆ, ಮತ್ತೊಂದು ಬೋಳು. ಬೇರೆ ಬೇರೆ ದೇವಾಲಯಗಳಿಂದ ಬಂದ ಕಂಬಗಳೆಂಬುದಕ್ಕೆ ಅವುಗಳ ಈ ಭೇದವೇ ಸಾಕ್ಷಿ. ನಡುವಿನ ಮಾಳಿಗೆಯನ್ನು ಸುತ್ತಣ ಮಾಳಿಗೆಗಿಂತ ಎತ್ತರಿಸಿ, ಆ ಸಂದಿಯಿಂದ ಬೆಳಕು ಇಳಿಯುವಂತೆ ಮಾಡಿದ್ದಾರೆ.

ಅಳಿಯನು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಮಾಮಾ, ಇವೆಲ್ಲಾ ಗುಡಿಯ ಕಂಬ. ಕಿತ್ತು ತಂದು ಇಲ್ಲಿ ನಿಲ್ಲಿಸ್ಯಾರ. ಇದನ್ನ ನೋಡಿ ನಾವು ಖುಷಿ ಪಡಬೇಕೇನು?” ಎಂದನು. ದನಿಯಲ್ಲಿ ಕಹಿಯಿದ್ದಿತು.

“ಖುಷಿ ಪಡು ಅಂತ ಯಾರು ಹೇಳ್ಯಾರ, ತಮ್ಮಾ? ಆದದ್ದನ್ನ ಆದಂಗ ತಿಳಕೋ. ಅಷ್ಟ ಸಾಕು.”

ಹಿರಿಯರು ಆದುದನ್ನು ಆದಂತೆಯೇ ಹೇಳಿದರು. ಈ ಸೀಮೆಯು ಒಂದು ಕಾಲಕ್ಕೆ ತರ್ದವಾಡಿ ಸಾಸಿರವೆಂಬ ನಾಡು. ರಾಷ್ಟ್ರಕೂಟರ ಕೈಕೆಳಗೆ ಈ ನಾಡನ್ನಾಳುತ್ತಿದ್ದ ತೈಲಪನೇ 973ರಲ್ಲಿ ಚಾಲುಕ್ಯರ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದನು. ಚಾಲುಕ್ಯರ ತರುವಾಯ ದೇವಗಿರಿಯ ಸೇವುಣರು ಬಂದರು. 1296ರಲ್ಲಿ ಅಲ್ಲಾವುದ್ದೀನನು ದೇವಗಿರಿಯ ಮೇಲೆ ಬಿದ್ದನು. ಇಪ್ಪತ್ತೆರಡು ವರ್ಷಗಳೊಳಗೆ ಸೇವುಣರ ರಾಜ್ಯವೇ ಅಳಿದು ದಿಲ್ಲಿಯ ಅಧಿಕಾರಿಗಳು ಇಲ್ಲಿ ನೆಲೆಸಿದರು. ಅವರಲ್ಲೊಬ್ಬನಾದ ಮಲಿಕ ಕರೀಮುದ್ದೀನನು 1320ರಲ್ಲಿ ಈ ಮಸೀದಿಯನ್ನು ಕಟ್ಟಿಸಿದನು. ಗುಡಿಗಳು ಹೋದುದು ನಿಜ. ಅದನ್ನು ಮರೆಮಾಚುವ ಕಾರಣವಿಲ್ಲ. ಆದರೆ ಇಲ್ಲಿಯ ಶಾಸನವು ಇನ್ನೊಂದು ಹೆಸರನ್ನೂ ಹೇಳುತ್ತದೆ: ಈ ಕಟ್ಟಡವನ್ನು ಕೈಯಾರೆ ಕಟ್ಟಿದವನು ಸಾಲೋಟಗಿಯ ರೇವಯ್ಯ. ಕಟ್ಟಿಸಿದವನು ಹೊರಗಿನವನು, ಕಟ್ಟಿದವನು ಇಂಡಿಯ ಕಡೆಯವನು. ಅವನು ಆ ಕಂಬಗಳನ್ನು ಎತ್ತಿ ನಿಲ್ಲಿಸುವಾಗ ಮನಸ್ಸಿನಲ್ಲಿ ಏನಿದ್ದಿತೋ ಕಲ್ಲು ಹೇಳುವುದಿಲ್ಲ. ಹೆಸರನ್ನು ಮಾತ್ರ ಉಳಿಸಿಕೊಂಡಿದೆ.

ಸಾಲೋಟಗಿಯೆಂದರೆ ಸಾಮಾನ್ಯ ಊರಲ್ಲ. ರೇವಯ್ಯನಿಗೆ 375 ವರ್ಷ ಮೊದಲು, 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬರುವ ವಿದ್ಯಾರ್ಥಿಗಳ ವಸತಿಗೆ 27 ಮನೆಗಳು, ಅವರ ನಿರ್ವಾಹಕ್ಕೆ 500 ನಿವರ್ತನ ಭೂಮಿ, ರಾತ್ರಿಯ ದೀಪಕ್ಕೆಂದೇ 12 ನಿವರ್ತನ ಭೂಮಿ. ಊರಿನಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯಗಳ ಕಾಣಿಕೆ. ಇಷ್ಟೆಲ್ಲ ತಿಳಿದುಬಂದುದು ಒಂದು ಕಂಬದ ಮೇಲಣ ಬರಹದಿಂದ. ಶಾಲೆಯಿಲ್ಲ, ಮನೆಗಳಿಲ್ಲ, ದೀಪವಿಲ್ಲ. ಕಂಬವೊಂದು ಉಳಿದುದರಿಂದ ಎಲ್ಲವೂ ಉಳಿದವು.

ಇಷ್ಟನ್ನು ಹೇಳಿ ಹಿರಿಯರು ಅಳಿಯನ ಮುಖವನ್ನು ನೋಡಿದರು. “ಏಳು ನೂರು ವರ್ಷದ ಹಿಂದಿನವರ ಮ್ಯಾಲೆ ನಿನಗ ಸಿಟ್ಟು ಬಂತು. ಬರಲಿ. ನಿನ್ನ ಹೊಲದ ಬದುವಿನಾಗ ಒಂದು ಕಲ್ಲೈತಲ್ಲಾ, ಸೂರ್ಯ ಚಂದ್ರ, ಕರು ಕುಡಿಸೋ ಆಕಳಾ ಇದ್ದದ್ದು? ಅದನ್ನ ಒಡೆಯಾಕ ಬರೋ ಗುರುವಾರ ಯಾರನ್ನ ಕರಸೀ?”

ಅಳಿಯನು ತಲೆ ತಗ್ಗಿಸಿದನು. ಆ ಕಲ್ಲಿನ ಕೆಳಭಾಗದಲ್ಲಿ ಸವೆದ ಅಕ್ಷರಗಳಿದ್ದುದನ್ನು ಅವನೂ ಬಲ್ಲನು. ಒಡೆದರೆ ಪಂಪಿನ ಕೋಣೆಯ ತಳಪಾಯಕ್ಕೆ ಆದೀತೆಂದು ಎಣಿಸಿದ್ದನು.

ಇಂಥ ಕಲ್ಲು ಬಹುಮಟ್ಟಿಗೆ ದಾನಶಾಸನವಾಗಿರುತ್ತದೆ. ಸೂರ್ಯಚಂದ್ರರಿರುವ ತನಕ ಈ ದಾನ ನಡೆಯಲೆಂಬುದು ಮೇಲಣ ಚಿತ್ರಗಳ ಅರ್ಥ. ಅಳಿಪಿದವನಿಗೆ ಶಾಪವೂ ಕೊನೆಯಲ್ಲಿರುವುದುಂಟು. ಅದನ್ನು ಓದುವ ಕ್ರಮವೂ ಕಠಿಣವಾದುದಲ್ಲ. ಕಲ್ಲನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಅಂಟಿಸಿ, ಅಕ್ಷರಗಳ ಕುಳಿಯೊಳಗೆ ಅದು ಇಳಿಯುವಂತೆ ಕುಂಚದಿಂದ ಬಡಿಯುತ್ತಾರೆ. ಬಳಿಕ ಮಸಿಯ ಉಂಡೆಯನ್ನು ಮೆಲ್ಲನೆ ಒತ್ತಿದರೆ ಕಪ್ಪಿನ ನಡುವೆ ಅಕ್ಷರಗಳು ಬಿಳಿದಾಗಿ ಎದ್ದು ಕಾಣುತ್ತವೆ. ಹಾಗೆ ತೆಗೆದ ಪ್ರತಿಗಳನ್ನು ಓದುವ ಪಂಡಿತರು ರಾಜ್ಯದ ಪುರಾತತ್ತ್ವ ಇಲಾಖೆಯಲ್ಲಿಯೂ, ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ಶಾಖೆಯಲ್ಲಿಯೂ ಇದ್ದಾರೆ. ಸುದ್ದಿ ಮುಟ್ಟಿಸುವಷ್ಟೇ ಊರವರ ಕೆಲಸ. ಎಣ್ಣೆಬಣ್ಣ ಬಳಿಯುವುದೂ, ಸುಣ್ಣ ಹಚ್ಚುವುದೂ, ಭಕ್ತಿಯಿಂದ ಮಾಡಿದರೂ ಸರಿಯೆ, ಅಕ್ಷರಗಳನ್ನು ಮುಚ್ಚುವ ಕೆಲಸವೇ ಆಗುತ್ತದೆ.

ಗುರುವಾರ ಕಲ್ಲೊಡ್ಡರು ಬರಲಿಲ್ಲ. ಕಲ್ಲು ಬದುವಿನಲ್ಲಿಯೇ ಇದೆ. ಪಂಪಿನ ಕೋಣೆಯು ಹತ್ತು ಮಾರು ಆಚೆಗೆ ಸರಿಯಿತು.

ವಿಜಯಪುರ, ತಿಕೋಟೆ, ಬಬಲೇಶ್ವರದ ಹೊಲ ಹಾದಿಗಳಲ್ಲಿ, ಹಾಳುಗುಡಿಗಳ ಮಗ್ಗುಲಲ್ಲಿ, ಬಾವಿಯ ಕಟ್ಟೆಗಳಲ್ಲಿ ಹೀಗೆ ಎಷ್ಟು ಕಲ್ಲುಗಳು ಮಾತಾಡದೆ ನಿಂತಿರಬಹುದು! ಅರಸರು ಕೆಡವಿದುದನ್ನು ಚರಿತ್ರೆಯು ಬರೆದಿಟ್ಟುಕೊಳ್ಳುತ್ತದೆ. ಒಕ್ಕಲು ಮಗನು ತಿಳಿಯದೆ ಒಡೆದುದನ್ನು ಬರೆಯುವವರಿಲ್ಲ. ಅರಕಿಲ್ಲೆಯ ಕಂಬಗಳು ಬೇರೆ ಮಾಳಿಗೆಯನ್ನು ಹೊತ್ತಾದರೂ ಇನ್ನೂ ನಿಂತಿವೆ. ತಳಪಾಯದ ಜಲ್ಲಿಯಾದ ಶಾಸನವು ಯಾವ ಮಾಳಿಗೆಯ ಕೆಳಗೂ ಮತ್ತೆ ನಿಲ್ಲಲಾರದು. ಹಿಂದಿನವರ ಹಾನಿಗೆ ಮರುಗುವವನು ಮೊದಲು ತನ್ನ ಬದುವನ್ನು ಒಮ್ಮೆ ನೋಡಿಕೊಳ್ಳುವುದು ಲೇಸು.