20 ಬೋರಿನ ಕಾಲ

ಈ ಸಲದ ನಮ್ಮ ಕೊಡವರ ಆಯುಧಪೂಜೆ ಕೈಲ್‌ಪೊಳ್ದ್ ದಿನ ಮನೆಯ ಕೋವಿಗಳನ್ನೆಲ್ಲ ಒರೆಸಿ, ನಳಿಗೆಗೆ ತೋಕ್‌ಪೂ ಹೂ ಸಿಕ್ಕಿಸಿ, ನಡುಮನೆಯ ನೆಲ್ಲಕ್ಕಿ ಬಾಡೆಯಲ್ಲಿ ಸಾಲಾಗಿ ಇಟ್ಟಿದ್ದೆವು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ತುದಿಯಲ್ಲಿದ್ದ ಸಪೂರ ಕೋವಿಯನ್ನು ತೋರಿಸಿ, “ತಾತ, ಇದು ಹೆಂಗಸರ ಕೋವಿಯಾ?” ಎಂದ. ಅವನ ಚಿಕ್ಕಪ್ಪಂದಿರು ನಕ್ಕರು. ನನಗೆ ನಗು ಬರಲಿಲ್ಲ. ಅದು ನನ್ನ ಅಪ್ಪನ 20 ಬೋರಿನ ಜೋಡಿ ನಳಿಗೆ. ಹೊರಗೆ ತೆಂಗಿನಕಾಯಿಗೆ ಗುರಿ ಇಡುವವರು ಕೂಗುತ್ತಿದ್ದರು, ಹುಡುಗ ಓಡಿಹೋದ. ಅವನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಬಾಯಿಗೆ ಸರಿಹೊಂದುವ ಎಷ್ಟು ಉಂಡೆ ಆಗುತ್ತವೋ ಅದೇ ಬೋರಿನ ನಂಬರು. ಆದ್ದರಿಂದ ನಂಬರು ಏರಿದಷ್ಟೂ ನಳಿಗೆ ಸಣ್ಣದು. 12 ಬೋರಿನ ಬಾಯಿ 18.5 ಮಿಲಿಮೀಟರ್, 20ರದು 15.6, 28ರದು 14. ಫೋರ್‌ಟೆನ್ ಎಂಬ ಸಣ್ಣ ಕೋವಿ ಮಾತ್ರ ಈ ಲೆಕ್ಕದ ಹೊರಗಿನದು, ಅದನ್ನು ಇಂಚಿನಲ್ಲೇ ಅಳೆಯುತ್ತಾರೆ. ಕೊಡಗಿನ ಹೆಚ್ಚಿನ ಮನೆಗಳಲ್ಲಿ ಇದ್ದದ್ದು 12. ಎಲ್‌ಜಿ ಎಂಬ ದಪ್ಪ ಚರೆ ತುಂಬಿದರೆ ಹಂದಿಗಾಯಿತು, 6ನೇ ನಂಬರ್ ಚರೆ ತುಂಬಿದರೆ ಕಾಡುಕೋಳಿಗಾಯಿತು. ಎಲ್ಲದಕ್ಕೂ ಒಂದೇ ಕೋವಿ. ಹಕ್ಕಿಗೆಂದೇ ಬೇರೆ ಕೋವಿ ಇಡುವುದು ಬಿಳಿ ದೊರೆಗಳ ಶೋಕಿ ಎಂದು ಊರಿನವರು ಆಡಿಕೊಳ್ಳುತ್ತಿದ್ದರು.

ಅಪ್ಪನಿಗೆ ಅದು ಶೋಕಿಯಾಗಿರಲಿಲ್ಲ. ಪುತ್ತರಿ ಹಬ್ಬ ಕಳೆದು ಕೊಯ್ಲಾದ ಗದ್ದೆಗಳಲ್ಲಿ ಇನ್ನೂ ಕೆಸರಿರುವಾಗ ಸ್ನೈಪ್ ಹಕ್ಕಿಗಳು ಬಂದು ಕೂರುತ್ತಿದ್ದವು. ಉತ್ತರದ ಶೀತದೇಶದಿಂದ ಚಳಿಗಾಲಕ್ಕೆ ಬರುವ, ಅಂಗೈಯಲ್ಲಿ ಹಿಡಿಸುವ ಹಕ್ಕಿ. ಕಾಲಬುಡದಿಂದಲೇ ಚೀರಿ ಏಳುತ್ತದೆ, ಎದ್ದಕೂಡಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತದೆ. ಮೊಣಕಾಲುದ್ದ ಕೆಸರಲ್ಲಿ ನಿಂತವನು ಆ ಒಂದು ಗಳಿಗೆಯಲ್ಲಿ ಕೋವಿಯನ್ನು ಹೆಗಲಿಗೇರಿಸಬೇಕು. 12 ಬೋರು ಮೂರು ಕಿಲೋದ ಆಸುಪಾಸು ತೂಗುತ್ತದೆ, ನಮ್ಮ 20 ಎರಡೂವರೆ. ಕಾಗದದ ಮೇಲೆ ಈ ಅರ್ಧ ಕಿಲೋ ಏನೂ ಅಲ್ಲ. ಬೆಳಗಿನಿಂದ ಏರಿ ಹಾರಿ ಬದು ದಾಟಿದ ತೋಳಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. 12 ಬೋರನ್ನು ಎತ್ತಬೇಕಾಗುತ್ತಿತ್ತು. ಇದು ಕಣ್ಣು ಹೋದ ಕಡೆಗೆ ತಾನೇ ಹೋಗುತ್ತಿತ್ತು.

ಸಣ್ಣ ಕೋವಿಯ ಚರೆ ಕಡಿಮೆ ಹರಡುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಅದು ತಪ್ಪು. ಹರಡುವುದು ನಳಿಗೆಯ ತುದಿಯ ಬಿಗಿಯನ್ನು ಅವಲಂಬಿಸಿದ್ದು, ಬೋರನ್ನಲ್ಲ. 12ರ ತೋಟೆಯಲ್ಲಿ 30 ಗ್ರಾಂ ಚರೆ ಇದ್ದರೆ 20ರದರಲ್ಲಿ 23 ಅಥವಾ 25. ಚರೆ ಕಡಿಮೆಯಾದುದರಿಂದ ದೂರ ಹೋದಷ್ಟೂ ನಡುವೆ ಖಾಲಿ ಜಾಗ ಬೀಳುತ್ತದೆ, ಹಕ್ಕಿಗೆ ಒಂದೋ ಎರಡೋ ತಗಲಿ ಅದು ಗಾಯಗೊಂಡು ಪೊದೆ ಸೇರುತ್ತದೆ. ಹಾಗಾಗಬಾರದೆಂದರೆ ಮೂವತ್ತು ಗಜದೊಳಗೆ ಹೋಗಬೇಕು. ಹೋಗಬೇಕೆಂದರೆ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಮೇಯುತ್ತದೆ, ಗಾಳಿ ಎತ್ತಲಿಂದ ಬೀಸಿದರೆ ಯಾವ ಕಡೆ ಹಾರುತ್ತದೆ, ಪಾರಿವಾಳ ಬರುವ ಗೋಳಿಮರ ಯಾವಾಗ ಹಣ್ಣಾಗುತ್ತದೆ, ಎಲ್ಲ ತಿಳಿದಿರಬೇಕು. ಅಪ್ಪ ಕೋವಿ ಎತ್ತಿ ಹಾಗೇ ಇಳಿಸಿದ್ದನ್ನು ನಾನು ನೋಡಿದಷ್ಟು ಸಲ ಈಡು ಹೊಡೆದದ್ದನ್ನು ನೋಡಿಲ್ಲ. “ದೂರವಾಯಿತು” ಎಂದು ಒಂದೇ ಮಾತು ಹೇಳಿ ಮುಂದೆ ನಡೆಯುತ್ತಿದ್ದರು. ಸಣ್ಣ ಬೋರಿನ ಆಕರ್ಷಣೆಯೆಲ್ಲ ನನಗೆ ಆ ಒಂದು ಮಾತಿನಲ್ಲಿದೆ.

ಕೋವಿ ನಮ್ಮ ಮನೆಗೆ ಬಂದದ್ದು ವಿರಾಜಪೇಟೆಯ ಒಂದು ಓಣಿಯಿಂದ. ಅಲ್ಲಿದ್ದ ರಿಪೇರಿ ಅಂಗಡಿಯವರನ್ನು ಎಲ್ಲರೂ ಕೋವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದುದು. ಒಳಗೆ ಕಾಲಿಟ್ಟರೆ ರಂಗೂನ್ ಎಣ್ಣೆ, ಅಗಸೆ ಎಣ್ಣೆ, ಸೀಮೆಎಣ್ಣೆಯ ಮಸಿ ಎಲ್ಲ ಸೇರಿದ ಒಂದು ವಾಸನೆ. ನಳಿಗೆ ಸರಿಯಾಗಿ ಕೂರದ ಕೋವಿ ಬಂದರೆ ಅವರು ಚಿಮಣಿ ದೀಪದ ಹೊಗೆಗೆ ಕೀಲಿನ ಭಾಗವನ್ನು ಹಿಡಿದು ಮಸಿ ಮಾಡುವರು, ಕೋವಿ ಮುಚ್ಚಿ ತೆರೆಯುವರು. ಮಸಿ ಅಳಿಸಿ ಲೋಹ ಹೊಳೆದ ಕಡೆ ಮಾತ್ರ ಅರವನ್ನು ಒಂದೆರಡು ಸಲ ಆಡಿಸಿ, ಮತ್ತೆ ದೀಪಕ್ಕೆ ಹಿಡಿಯುವರು. ಇಡೀ ಮಧ್ಯಾಹ್ನ ಹೀಗೇ. ಕೊನೆಗೆ ಮುಚ್ಚಿದಾಗ ಆ ಸದ್ದು ಬೇರೆಯೇ ಆಗಿರುತ್ತಿತ್ತು. ಅದನ್ನು ಕೇಳಿ ತಲೆ ಎತ್ತಿ ನಮ್ಮ ಮುಖ ನೋಡುತ್ತಿದ್ದರು.

ಅರವತ್ತರ ದಶಕದಲ್ಲಿ ಎಸ್ಟೇಟ್ ಮಾರಿ ಊರಿಗೆ ಹೊರಟ ದೊರೆಯೊಬ್ಬರು ಈ 20 ಬೋರನ್ನು ಮೇಸ್ತ್ರಿಯಲ್ಲಿ ಬಿಟ್ಟುಹೋಗಿದ್ದರು. ಹಿಡಿಯ ಕುತ್ತಿಗೆಯಲ್ಲಿ ಬಿರುಕಿತ್ತು. ಮೇಸ್ತ್ರಿ 500 ರೂಪಾಯಿ ಎಂದರು. ಅಪ್ಪ 300 ಎಂದರು.

“ಇದಕ್ಕೆ ತೋಟೆ ಎಲ್ಲಿ ಸಿಗುತ್ತದೆ ಮೇಸ್ತ್ರಿ? ಶಕ್ತಿಮಾನ್ ತೋಟೆ ಎಲ್ಲಾ ಅಂಗಡಿಯಲ್ಲೂ ಉಂಟು, ಅದು 12ಕ್ಕೆ.”

“ಸಿಗುವುದಿಲ್ಲ ಅಂತಲೇ ನಿಮಗೆ ಹೇಳ್ತಿರೋದು. ಸಿಗುವ ಹಾಗಿದ್ದರೆ ದಿನಾ ಢಂ ಢಂ ಅನ್ನಿಸುವವನಿಗೆ ಕೊಡ್ತಿದ್ದೆ.”

ಹಿಡಿಗೆ ಬೀಟೆ ಮರ ಹಾಕಿಕೊಡಿ ಎಂದು ಅಪ್ಪ ಕೇಳಿದರು. ಮೇಸ್ತ್ರಿ ಒಪ್ಪಲಿಲ್ಲ. ಬೀಟೆ ಭಾರ, ಹಿಂದೆ ತೂಕ ಕೂತರೆ ಕೋವಿ ಸತ್ತಹಾಗೆ, ಬಿರುಕನ್ನೇ ಕೂಡಿಸಿ ಒಳಗೆ ತಾಮ್ರದ ಮೊಳೆ ಹೊಡೆಯುತ್ತೇನೆ ಎಂದರು. 400ಕ್ಕೆ ಕುದುರಿತು. ನೂರು ಆಗಲೇ, ಉಳಿದದ್ದು ಕಾಫಿ ಬೋರ್ಡಿನ ಪೂಲ್ ಹಣದ ಮುಂದಿನ ಕಂತು ಬಂದಾಗ, ಮೇಲೊಂದು ಮೂಟೆ ಸಣ್ಣಕ್ಕಿ. ಚೀಟಿ ಬರೆಯಲಿಲ್ಲ. ಮೇಸ್ತ್ರಿ ಅಪ್ಪನ ಕಣ್ಣು ಮುಚ್ಚಿಸಿ ಕೋವಿಯನ್ನು ಹೆಗಲಿಗೇರಿಸಿ ಎಂದರು, ಕಣ್ಣು ಬಿಡಿಸಿ ಎದುರು ನಿಂತು ನೋಡಿದರು, ಹಿಡಿಯ ತುದಿಯಿಂದ ಕಾಲಿಂಚು ತೆಗೆದುಕೊಟ್ಟರು.

ಹೊರಡುವಾಗ ಹೇಳಿದ್ದು ಒಂದೇ ಬುದ್ಧಿ: 20ರ ತೋಟೆ, 12ರ ತೋಟೆ ಒಂದೇ ಚೀಲದಲ್ಲಿ ಇಡಬೇಡಿ. 20ರದು 12ರ ನಳಿಗೆಯೊಳಗೆ ಜಾರಿ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಎಂದುಕೊಂಡು ಹಿಂದಿನಿಂದ 12ರದು ತುಂಬಿ ಹೊಡೆದರೆ ನಳಿಗೆ ಒಡೆದು ಕೈ ಹೋಗುತ್ತದೆ. 20ರ ತೋಟೆಗೆ ಹಳದಿ ಬಣ್ಣ ಇರುವುದೇ ಆ ಕಾರಣಕ್ಕೆ. ಅಂದಿನಿಂದ ನಮ್ಮ ಮನೆಯಲ್ಲಿ ಹಳದಿ ತೋಟೆಗೆ ಬೇರೆ ಡಬ್ಬಿ. ಆಗಿನವು ಕಾಗದದ ತೋಟೆಗಳು, ನಮ್ಮ ಮಳೆಗೆ ಉಬ್ಬಿ ನಳಿಗೆಯಲ್ಲಿ ಕೂರುತ್ತಿರಲಿಲ್ಲ. ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ, ಬೆಂಕಿಯಿಂದ ದೂರಕ್ಕೆ, ಹುಣಿಸೆಹಣ್ಣಿನ ಭರಣಿಯ ಪಕ್ಕ ಆ ಡಬ್ಬಿ ಇಡುತ್ತಿದ್ದರು.

ಹಕ್ಕಿಬೇಟೆ ಮತ್ತೆ ಬರಲಿ ಎಂದು ನಾನು ಕೇಳುತ್ತಿಲ್ಲ. ಎಲ್ಲರೂ ಅಪ್ಪನ ಹಾಗಿರಲಿಲ್ಲ. ಹಣ್ಣಾದ ಗೋಳಿಮರದ ಕೆಳಗೆ ನಿಂತು, ಗುಂಪಿಗೇ 12 ಬೋರು ಬಿಟ್ಟು, ಹಸಿರು ಪಾರಿವಾಳಗಳನ್ನು ಗೋಣಿಚೀಲದಲ್ಲಿ ಹೊತ್ತೊಯ್ದವರನ್ನು ಕಂಡಿದ್ದೇನೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಸಣ್ಣ ಬೇಟೆಗೆ ಲೈಸೆನ್ಸ್ ಸಿಗುತ್ತಿತ್ತು. 1991ರ ತಿದ್ದುಪಡಿ ಅದನ್ನೂ ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ಇನ್ನೂ ಮೊದಲೇ ನಿಲ್ಲಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಅಪ್ಪನೂ ಆ ಹೊತ್ತಿಗೆ ಕೋವಿ ಹೊರಗೆ ತೆಗೆಯುವುದನ್ನು ಬಿಟ್ಟಿದ್ದರು.

ಆದರೆ ಹಕ್ಕಿ ಉಳಿಯಿತೇ? ಅಪ್ಪ ಸ್ನೈಪ್ ಎಬ್ಬಿಸುತ್ತಿದ್ದ ಗದ್ದೆಗಳಲ್ಲಿ ಅರ್ಧ ಪಾಳು ಬಿದ್ದಿವೆ. ಕೆಲವನ್ನು ಶುಂಠಿಗೆ ಕೊಟ್ಟು ಔಷಧಿ ಹೊಡೆದು ಹೊಡೆದು ಮಣ್ಣನ್ನೇ ಸುಟ್ಟರು. ಕೆಲವಕ್ಕೆ ಮಣ್ಣು ತುಂಬಿಸಿ ಹೋಂಸ್ಟೇ ಕಟ್ಟಿದರು. ಕೆಸರಿಲ್ಲದ ಗದ್ದೆಗೆ ಆ ಹಕ್ಕಿ ಯಾಕೆ ಬಂದೀತು? ಗೋಳಿಮರ ಕಡಿದು ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಪಾರಿವಾಳಕ್ಕೇನು ಕೆಲಸ? ಇದನ್ನೆಲ್ಲ ಮಾಡಿದವರ ಕೈಯಲ್ಲಿ ಕೋವಿ ಇರಲಿಲ್ಲ, ಆದ್ದರಿಂದ ಅವರನ್ನು ಯಾರೂ ಬೇಟೆಗಾರರೆನ್ನುವುದಿಲ್ಲ.

ನಾವು ಕೋವಿಯವರೂ ಹೆಚ್ಚೇನೂ ಉಳಿಸಿಕೊಳ್ಳಲಿಲ್ಲ. ಕೊಡವರ ಕೋವಿಗಳಿಗೆ 1861ರಿಂದ ನಡೆದುಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಹಕ್ಕು ನಮ್ಮದೇ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು, ಅದೂ ಉಳಿದಿದೆ. ಉಳಿದಂತೆ ಮದುವೆಮನೆಯಲ್ಲಿ ಫೋಟೋಕ್ಕೆಂದು, ಟ್ರಿಗರ್ ಮೇಲೆ ಬೆರಳಿಟ್ಟುಕೊಂಡೇ, ತುಂಬಿದೆಯೋ ಇಲ್ಲವೋ ನೋಡದೆ ಕೋವಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೇಸ್ತ್ರಿ ಇದ್ದಿದ್ದರೆ ಕಿತ್ತುಕೊಂಡು ಒಳಗಿಡುತ್ತಿದ್ದರು. ಅವರ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ಅವರ ಮಕ್ಕಳಲ್ಲಿ ಯಾರೂ ಅರ ಹಿಡಿಯಲಿಲ್ಲ, ಹಿಡಿದಿದ್ದರೂ ಹೊಟ್ಟೆ ತುಂಬುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ರೆಸಾರ್ಟಿನವರೊಬ್ಬರು 20 ಬೋರನ್ನು ಕೇಳಿಕೊಂಡು ಮನೆಗೆ ಬಂದಿದ್ದರು. ಕಾಗದಪತ್ರ ನಾವೇ ನೋಡಿಕೊಳ್ಳುತ್ತೇವೆ, ನಳಿಗೆಗೆ ವೆಲ್ಡಿಂಗ್ ಮಾಡಿಸಿ ಗೋಡೆಗೆ ಹಾಕುತ್ತೇವೆ ಎಂದರು. ಬೆಲೆ ಕೇಳುವ ಮೊದಲೇ ಇಲ್ಲವೆಂದೆ. ಆಚೆ ಮನೆಯವರು ತಮ್ಮ 16 ಬೋರನ್ನು ಕೊಟ್ಟರಂತೆ. ಹೋಗಿ ನೋಡಿದೆ. ಅದೂ ಮೇಸ್ತ್ರಿಯ ಕೈಯಲ್ಲೇ ರಿಪೇರಿ ಆಗಿದ್ದ ಕೋವಿ. ವರ್ಷಗಟ್ಟಲೆ ಅಗಸೆ ಎಣ್ಣೆ ತಿಕ್ಕಿ ಹದ ಮಾಡಿದ್ದ ಅದರ ಹಿಡಿಗೆ, ಮಿಂಚಲಿ ಎಂದು, ಬಾಗಿಲಿಗೆ ಬಳಿಯುವ ವಾರ್ನಿಷ್ ಬಳಿದಿದ್ದಾರೆ.