ಹಿಂದಿನ ಸೀಟಿನಲ್ಲಿ ಡ್ರೈ ಐಸ್

ಈಚೆಗೆ ಮದುವೆ ಮನೆಗಳಲ್ಲಿ ಹೊಸದೊಂದು ಶಾಸ್ತ್ರ ಸೇರಿಕೊಂಡಿದೆ. ಆರತಕ್ಷತೆಗೆ ವಧೂವರರು ವೇದಿಕೆ ಏರುವಾಗ ಕಾಲ ಬುಡದಲ್ಲಿ ಬಿಳಿ ಮೋಡ ಹರಿಯಬೇಕು. ಪುರೋಹಿತರ ಪಟ್ಟಿಯಲ್ಲಿಲ್ಲದ ಈ ಶಾಸ್ತ್ರಕ್ಕೆ ಬೇಕಾದ ಸಾಮಗ್ರಿ ಡ್ರೈ ಐಸ್. ಶಾಲೆಯ ವಸ್ತುಪ್ರದರ್ಶನಗಳಲ್ಲೂ ಅದಕ್ಕೆ ಭಾರೀ ಬೇಡಿಕೆ. ಫೆಬ್ರವರಿ 28ರ ವಿಜ್ಞಾನ ದಿನ ಹತ್ತಿರವಾದಂತೆ, ‘ಸಾರ್, ನಮ್ಮ ಹುಡುಗನಿಗೆ ಎರಡು ಕಿಲೋ ಸಾಕಾಗುತ್ತಾ?’ ಎಂದು ತಂದೆತಾಯಿಯರು ನನ್ನನ್ನು ವಿಚಾರಿಸುವುದುಂಟು. ಎಷ್ಟು ತರಬೇಕೆಂದು ಎಲ್ಲರೂ ಕೇಳುತ್ತಾರೆ. ಹೇಗೆ ತರಬೇಕೆಂದು ಇದುವರೆಗೆ ಯಾರೂ ಕೇಳಿಲ್ಲ.

ಡ್ರೈ ಐಸ್ ಎಂದರೆ ಘನರೂಪದ ಇಂಗಾಲದ ಡೈಆಕ್ಸೈಡ್. ನಾವು ಉಸಿರಿನಲ್ಲಿ ಹೊರಬಿಡುವ, ಸೋಡಾ ಬಾಟಲಿಯಲ್ಲಿ ಗುಳ್ಳೆಯೇಳುವ ಅದೇ ಅನಿಲ. ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರುವ ಈ ಗಡ್ಡೆ ಕರಗಿ ನೀರಾಗುವುದಿಲ್ಲ. ಕರ್ಪೂರದ ಹಾಗೆ ನೇರವಾಗಿ ಅನಿಲವಾಗುತ್ತದೆ. ಪಠ್ಯಪುಸ್ತಕದಲ್ಲಿ ಇದನ್ನೇ ಉತ್ಪತನ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಲಸಿಕೆ, ಐಸ್‌ಕ್ರೀಮ್ ಸಾಗಿಸುವವರಿಗೆ ಇದು ಅಚ್ಚುಮೆಚ್ಚಾಗಿರುವುದೂ ಇದೇ ಕಾರಣಕ್ಕೆ. ಪೆಟ್ಟಿಗೆ ಒದ್ದೆಯಾಗುವುದಿಲ್ಲ, ಚೆಲ್ಲುವ ನೀರಿಲ್ಲ. ಒಂದೆರಡು ದಿನದಲ್ಲಿ ಗಡ್ಡೆಯೇ ಮಾಯ. ಮಾಯವಾದದ್ದು ಎಲ್ಲಿಗೆ ಹೋಯಿತು ಎಂಬುದೇ ಪ್ರಶ್ನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರಯೋಗಾಲಯಗಳಿಗೆ ಮಾದರಿಗಳನ್ನು ವ್ಯಾನಿನಲ್ಲಿ ಸಾಗಿಸುವ ಕೆಲಸದಲ್ಲಿದ್ದಾನೆ. ಒಮ್ಮೆ ಮನೆಗೆ ಬಂದವನು, ‘ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತೆ ಸಾರ್. ಮೆಟ್ಟಿಲು ಹತ್ತಿದವನ ಹಾಗೆ ಏದುಸಿರು ಬರುತ್ತೆ. ಡಾಕ್ಟರು ಬಿಸಿಲು ಅಂದ್ರು’ ಎಂದ. ಭಾನುವಾರ ಹೇಗಿರುತ್ತೆ ಎಂದು ಕೇಳಿದೆ. ಭಾನುವಾರ ಏನೂ ಇಲ್ಲವಂತೆ. ಬಿಸಿಲಿಗೆ ವಾರದ ರಜೆ ಇಲ್ಲವಲ್ಲ! ವ್ಯಾನಿನ ಹಿಂಭಾಗದಲ್ಲಿ ಡ್ರೈ ಐಸ್ ತುಂಬಿದ ನಾಲ್ಕು ಥರ್ಮೋಕೋಲ್ ಪೆಟ್ಟಿಗೆಗಳು, ಸೀಟಿಗೂ ಸಾಮಾನಿಗೂ ನಡುವೆ ಅಡ್ಡಗೋಡೆಯಿಲ್ಲ, ಸೆಕೆಗೆ ಕಿಟಕಿ ಮುಚ್ಚಿ ಎ.ಸಿ. ಹಾಕಿಕೊಳ್ಳುತ್ತಾನೆ. ಅದೂ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುವ ಗುಂಡಿ ಒತ್ತಿ.

ಕಾಗದ, ಪೆನ್ಸಿಲು ಕೊಟ್ಟು ಲೆಕ್ಕ ಮಾಡಿಸಿದೆ. ಹತ್ತನೇ ತರಗತಿಯಲ್ಲಿ ಲೆಕ್ಕವೆಂದರೆ ಓಡುತ್ತಿದ್ದ ಹುಡುಗ ಈ ಸಲ ಕೂತು ಮಾಡಿದ. 44 ಗ್ರಾಂ ಡ್ರೈ ಐಸ್ ಕೋಣೆಯ ಉಷ್ಣತೆಯಲ್ಲಿ ಸುಮಾರು 24 ಲೀಟರ್ ಅನಿಲವಾಗುತ್ತದೆ. ಹಾಗಾದರೆ ಒಂದು ಕಿಲೋ ಗಡ್ಡೆಯಿಂದ ಸುಮಾರು 540 ಲೀಟರ್. ಸಾಧಾರಣ ಪೆಟ್ಟಿಗೆಯೊಂದರಿಂದ ದಿನಕ್ಕೆ ಎರಡು ಕಿಲೋಗೂ ಹೆಚ್ಚು ಆವಿಯಾಗುವುದುಂಟು. ಗಂಟೆಗೆ 100 ಗ್ರಾಂ ಎಂದು ಹಿಡಿದರೂ ಪೆಟ್ಟಿಗೆಗೆ 54 ಲೀಟರ್, ನಾಲ್ಕು ಪೆಟ್ಟಿಗೆಗೆ 216 ಲೀಟರ್. ವ್ಯಾನಿನೊಳಗಿನ ಗಾಳಿ 5000 ಲೀಟರ್ ಎಂದಿಟ್ಟುಕೊಂಡರೆ, ಹೊರಗಾಳಿ ಸೇರದಿದ್ದಲ್ಲಿ ಒಂದೇ ಗಂಟೆಯಲ್ಲಿ ಶೇ 4ಕ್ಕಿಂತ ಹೆಚ್ಚು. ಬಾಗಿಲ ಸಂದುಗಳು ಸ್ವಲ್ಪ ಕಾಪಾಡುತ್ತವೆ, ನಿಜ. ಆದರೆ ಹೊರಗಿನ ಗಾಳಿಯಲ್ಲಿ ಈ ಅನಿಲ ಇರುವುದು ಶೇ 0.04 ಮಾತ್ರ. ಎಂಟು ಗಂಟೆ ಕೆಲಸ ಮಾಡುವ ಜಾಗದಲ್ಲಿ ಶೇ 0.5 ದಾಟಬಾರದೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. ಶೇ 3ರಿಂದ 5ರಲ್ಲಿ ತಲೆನೋವು, ಏದುಸಿರು. ಶೇ 10ರಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ಇಲ್ಲಿ ಮಕ್ಕಳು ಸಾಮಾನ್ಯವಾಗಿ ಒಂದು ಉತ್ತರ ಕೊಡುತ್ತಾರೆ: ‘ಆಮ್ಲಜನಕ ಸಾಲದೆ ಹೀಗಾಗುತ್ತದೆ.’ ಅರ್ಧ ಅಂಕ ಕೊಡಬಹುದು. ಶೇ 10ರಷ್ಟು ಇಂಗಾಲದ ಡೈಆಕ್ಸೈಡ್ ತುಂಬಿದ ಗಾಳಿಯಲ್ಲಿ ಆಮ್ಲಜನಕ ಇನ್ನೂ ಸುಮಾರು ಶೇ 19ರಷ್ಟು ಉಳಿದಿರುತ್ತದೆ. ಆದರೂ ಮನುಷ್ಯ ಕುಸಿಯುತ್ತಾನೆ. ಏಕೆಂದರೆ ಈ ಅನಿಲ ತಾನಾಗಿಯೇ ರಕ್ತಕ್ಕೆ ಸೇರಿ ಅದರ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ, ಮಿದುಳನ್ನು ಮಂಕುಗೊಳಿಸುತ್ತದೆ. ಹಾಳುಬಾವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುತ್ತಿದ್ದ ನಮ್ಮ ಹಿರಿಯರ ಉಪಾಯ ಇಲ್ಲಿ ಪೂರ್ತಿ ನೆರವಾಗದು. ದೀಪ ಆರಿದರೆ ಅಪಾಯ ಖಂಡಿತ. ಆದರೆ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಕ್ಷೇಮವೆನ್ನಲಾಗದು.

ಕಣ್ಣನ್ನೂ ನಂಬುವಂತಿಲ್ಲ. ವೇದಿಕೆಯ ಮೇಲಿನ ಆ ಬಿಳಿ ಹೊಗೆ ಇಂಗಾಲದ ಡೈಆಕ್ಸೈಡ್ ಅಲ್ಲ, ತಣ್ಣಗಾಗಿ ಹನಿಗಟ್ಟಿದ ನೀರಾವಿ. ಅನಿಲಕ್ಕೆ ಬಣ್ಣವಿಲ್ಲ. ಕಾರಿನೊಳಗೆ ಹೊಗೆ ಕಾಣದಿದ್ದರೂ ಅದು ತುಂಬುತ್ತಲೇ ಇರಬಹುದು. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ಕೂರುತ್ತದೆ. ಸೀಟಿನಲ್ಲಿ ಮಲಗಿದ ಮಗುವಿಗೆ ಅದು ದೊಡ್ಡವರಿಗಿಂತ ಹತ್ತಿರ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2018ರ ಜುಲೈನಲ್ಲಿ, ಐಸ್‌ಕ್ರೀಮ್ ವಿತರಿಸುವವರೊಬ್ಬರ ಕಾರಿನಲ್ಲಿ ಅವರ ಹೆಂಡತಿ ಅತ್ತೆಯನ್ನು ಮನೆಗೆ ಬಿಡಲು ಹೊರಟರು. ಡ್ರೈ ಐಸ್ ತುಂಬಿದ ಪೆಟ್ಟಿಗೆಗಳು ಕಾರಿನಲ್ಲೇ ಇದ್ದವು. ಅತ್ತೆ ತೀರಿಕೊಂಡರು, ಸೊಸೆ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದರು. ಮಾಸ್ಕೋದಲ್ಲಿ 2020ರ ಫೆಬ್ರವರಿಯಲ್ಲಿ ಹುಟ್ಟುಹಬ್ಬದ ಮೋಜಿಗೆಂದು ಒಳಾಂಗಣದ ಈಜುಕೊಳಕ್ಕೆ ಸುಮಾರು 25 ಕಿಲೋ ಸುರಿದಾಗ ಮೂವರು ಸತ್ತರು. ವಿಮಾನದಲ್ಲಿ ಪ್ರಯಾಣಿಕನೊಬ್ಬ ಒಯ್ಯಬಹುದಾದದ್ದು 2.5 ಕಿಲೋ ಮಾತ್ರ, ಅದೂ ಕಂಪೆನಿಯ ಒಪ್ಪಿಗೆ ಪಡೆದು, ಅನಿಲ ಹೊರಹೋಗುವಂಥ ಪೆಟ್ಟಿಗೆಯಲ್ಲಿ. ನಮ್ಮ ಕಾರಿಗೆ ಇಂಥದೊಂದು ನಿಯಮವನ್ನು ನಾವೇ ಹಾಕಿಕೊಳ್ಳಬೇಕಷ್ಟೆ.

ತರಲೇಬೇಕಿದ್ದರೆ ತೆರೆದ ಗಾಡಿಯ ಹಿಂಬದಿಯೇ ಒಳ್ಳೆಯದು. ಕಾರಾದರೆ ಸ್ವಲ್ಪವೇ ತನ್ನಿ, ಎಲ್ಲ ಕಿಟಕಿಗಳನ್ನೂ ಇಳಿಸಿ, ಮಗುವನ್ನು ಜೊತೆಗೆ ಕೂರಿಸಿಕೊಳ್ಳಬೇಡಿ. ಡಿಕ್ಕಿಯಲ್ಲಿಟ್ಟರೆ ಸರಿಹೋಯಿತು ಎಂದುಕೊಳ್ಳುವವರಿದ್ದಾರೆ. ಸಣ್ಣ ಕಾರುಗಳಲ್ಲಿ ಡಿಕ್ಕಿಯ ಗಾಳಿಯೂ ಸೀಟಿನ ಗಾಳಿಯೂ ಒಂದೇ. ಪ್ಲಾಸ್ಟಿಕ್ ಕವರಿನಲ್ಲಿ ತಂದರೆ ಇನ್ನೂ ಬೇಗ ಆವಿಯಾಗುತ್ತದೆ. ಹಾಗೆಂದು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿದರೆ ಅದು ಸಿಡಿಯುತ್ತದೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಪೆಟ್ಟಿಗೆಯ ಜೊತೆ ನೀವು ಹೋಗುವುದೂ ಬೇಡ, ನಡುವೆ ಕರೆಂಟು ಹೋದರೆ ಕಷ್ಟ. ತಲೆ ಭಾರವಾದರೆ ಗಾಡಿ ನಿಲ್ಲಿಸಿ ಮೊದಲು ಹೊರಗೆ ಬನ್ನಿ, ಪೆಟ್ಟಿಗೆಯ ಯೋಚನೆ ಆಮೇಲೆ.

ನನ್ನ ವಿದ್ಯಾರ್ಥಿ ಲೆಕ್ಕದ ಕಾಗದವನ್ನು ಮಡಿಚಿ ಮಾಲೀಕರಿಗೆ ತೋರಿಸಲೆಂದು ಒಯ್ದ. ಈಗ ವ್ಯಾನಿಗೆ ಅಡ್ಡಗೋಡೆ ಬಂದಿದೆ, ಹಿಂಭಾಗದಲ್ಲಿ ಗಾಳಿಕಿಂಡಿ ಕೊರೆದಿದ್ದಾರೆ. ಕಿಟಕಿ ತೆರೆದೇ ಓಡಿಸುವುದರಿಂದ ಧೂಳು ಜಾಸ್ತಿ ಎಂಬುದು ಸದ್ಯಕ್ಕೆ ಅವನ ದೂರು.